ಜ್ವರ ಬಾರದ ಆ ರಂಜಾನ್

ಇಲ್ಲವಂತೆ. ನನ್ನ ಮೊಮ್ಮಗಳ ರಕ್ತದಲ್ಲಿ ಆ ರೋಗ ಇಲ್ಲವಂತೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಮಧ್ಯಾಹ್ನದಿಂದ ಈ ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ. ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಜಿಲೇಬಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಅರ್ಧ ದಾರಿಗೇ ಪೊಟ್ಟಣ ಖಾಲಿ. ಕಂಡಕ್ಟರಿಗೆ ಕೊಟ್ಟೆ, ಹಿಂದಿನ ಸೀಟಿನ ಭತ್ತದ ದಲ್ಲಾಳಿಗೆ ಕೊಟ್ಟೆ, ನಿಂತಿದ್ದ ಕಾಲೇಜು ಹುಡುಗಿಯರಿಗೆ ಕರೆದು ಕೊಟ್ಟೆ.

"ಏನ್ ವಿಶೇಷರೀ ಮಾಮಾ, ಮನ್ಯಾಗ ಮದುವಿ ಐತೇನು?" ಎಂದ ಕಂಡಕ್ಟರ್.

"ಮದುವಿಕಿಂತ ದೊಡ್ಡದು. ತಿನ್ನಪಾ ನೀ" ಎಂದೆ.

ಮಗಳು ರೇಷ್ಮಾ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಅವಳ ಮಗಳು ನೂರಿ ನನ್ನ ತೊಡೆಯ ಮೇಲೆ ಕೂತು ನನ್ನ ಗಡ್ಡ ಜಗ್ಗುತ್ತಿದ್ದಳು. ಒಂದೂವರೆ ವರ್ಷದ ಕೂಸು. ಬೆಳಿಗ್ಗೆ ರಕ್ತ ತೆಗೆದ ಕೈಗೆ ಹತ್ತಿಯ ಉಂಡೆ ಇಟ್ಟು ಪಟ್ಟಿ ಅಂಟಿಸಿದ್ದರು. ಅದನ್ನು ಕಿತ್ತವಳೇ ನನ್ನ ಮೂಗಿಗೆ ಹಿಡಿದಳು. ನಾನು ನದಾಫ. ಹತ್ತಿ ಹಿಂಜಿ, ಗಾದಿ ಹೊಲಿದು ಬದುಕಿದವನು. ಹೊಸ ಹತ್ತಿ ಯಾವುದು, ಹಳೆಯ ಗಾದಿ ಬಿಚ್ಚಿ ತೆಗೆದದ್ದು ಯಾವುದು, ಮಳೆಗೆ ನೆನೆದು ಮುಗ್ಗಿದ್ದು ಯಾವುದು, ಕಣ್ಣು ಮುಚ್ಚಿಕೊಂಡು ವಾಸನೆಯಿಂದಲೇ ಹೇಳುತ್ತೇನೆ. ಆದರೆ ಸ್ಪಿರಿಟ್ ಹಚ್ಚಿದ ಹತ್ತಿಯ ವಾಸನೆ ಬಂದರೆ ಮುಖ ತಿರುಗಿಸುತ್ತೇನೆ. ಬಸ್ಸಿನ ತುಂಬ ಸಿಹಿ ಹಂಚಿ ನಗುತ್ತಿದ್ದವನು ನಗುತ್ತ ನಗುತ್ತಲೇ ಅಳತೊಡಗಿದೆ. ಕೂಸು ನನ್ನ ಕಣ್ಣಿಗೆ ಉಫ್ ಎಂದು ಊದಿತು.

ನೂರಿ ಹುಟ್ಟಿದ ವರ್ಷ ರಂಜಾನ್ ಬೇಸಿಗೆಯಲ್ಲಿ ಬಂದಿತ್ತು. ನಮ್ಮೂರು ಮಸ್ಕಿಯ ಗುಡ್ಡದ ಬಂಡೆಗಳು ಹಗಲೆಲ್ಲ ಕಾದು ಸಂಜೆಗೆ ಊರ ಮೇಲೆ ಕಾವು ಬಿಡುತ್ತಿದ್ದವು. ಸಿಂಧನೂರಿನ ಕಡೆ ಎರಡನೇ ಬೆಳೆಯ ಭತ್ತ ಕೊಯ್ಲಿಗೆ ಬಂದಿತ್ತು. ರಸ್ತೆಯ ತುಂಬ ಕೊಯ್ಯುವ ಯಂತ್ರಗಳು, ಹುಲ್ಲು ಹೇರಿದ ಟ್ರ್ಯಾಕ್ಟರುಗಳು. ನಮ್ಮ ಅಂಗಡಿಗೆ ಲಗ್ನದ ಗಾದಿಗಳ ಕೆಲಸ ಮೈತುಂಬ ಇತ್ತು. ಹತ್ತಿ ಹಿಂಜಿ ತುಂಬುವುದು ನಾನು, ದಬ್ಬಣ ಹಿಡಿದು ಹೊಲಿಗೆ ಹಾಕುವುದು ನನ್ನ ಹೆಂಡತಿ ಹುಸೇನಬಿ. ಅವಳು ಹಾಕಿದ ಹೊಲಿಗೆ ನೂಲು ಹಿಡಿದು ಗೆರೆ ಎಳೆದಂತೆ ಇರುತ್ತಿತ್ತು. ಲಿಂಗಸುಗೂರಿನಿಂದ ಬರುವ ಬೀಗರು ಸಹ "ಹುಸೇನಮ್ಮನ ಕೈಲೇ ಹೊಲಿಸ್ರಿ" ಎಂದು ಹೇಳಿ ಹೋಗುತ್ತಿದ್ದರು.

ಅದರ ಹಿಂದಿನ ವರ್ಷವೇ ಅವಳ ಲಿವರ್ ಕೆಟ್ಟಿದೆ ಎಂದು ಗೊತ್ತಾಗಿತ್ತು. ಮೊದಲು ಕಾಲು ಬಾತವು, ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿತು. ಸಿಂಧನೂರಿನ ಡಾಕ್ಟರು ಸೂಜಿ ಚುಚ್ಚಿ ನೀರು ತೆಗೆದರು. ಹೆಪಟೈಟಿಸ್ ಬಿ, ಅಂದರೆ ನಮ್ಮ ಕಡೆಯ ಬಿಳಿ ಕಾಮಣಿಯ ಕ್ರಿಮಿಯಂತೆ. ಸದ್ದಿಲ್ಲದೆ ಎಷ್ಟೋ ವರ್ಷ ರಕ್ತದಲ್ಲಿ ಕೂತು ಲಿವರನ್ನು ಕಲ್ಲು ಮಾಡಿತ್ತಂತೆ. ಹುಸೇನಬಿ ಎಲೆ ಅಡಿಕೆ ಸಹ ಹಾಕಿದವಳಲ್ಲ. ಆದರೆ ಲಿವರ್ ಎಂದ ಕೂಡಲೇ ಜನಕ್ಕೆ ಬಾಟಲಿಯೇ ಕಾಣುತ್ತದೆ. ಚಹಾದ ಅಂಗಡಿಯಲ್ಲಿ ಒಬ್ಬ ನನ್ನನ್ನು ಕೇಳಿಯೇಬಿಟ್ಟ: "ಏನೋ ಮೌಲಾ, ನೀ ಕುಡದದ್ದು ಆಕಿ ಹೊಟ್ಟ್ಯಾಗ ಹ್ಯಾಂಗ ಇಳೀತೋ?" ನಾನು ಮನೆಗೆ ಬಂದು ಸಿಟ್ಟಿನಿಂದ ಹೇಳಿದರೆ ಹುಸೇನಬಿ ನಕ್ಕಳು. "ನಿಮಗ ಕುಡಿಯಾಕೂ ಬರಂಗಿಲ್ಲ, ಬೈಸ್ಕೊಳ್ಳಾಕ ಮಾತ್ರ ಬರ್ತೈತಿ" ಎಂದಳು.

ರೇಷ್ಮಾ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದದ್ದು ರಂಜಾನಿಗೆ ಸ್ವಲ್ಪ ಮೊದಲು. ಅಳಿಯ ಬಾಷಾ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವನು, ಅವಳನ್ನು ನಮ್ಮಲ್ಲಿ ಬಿಟ್ಟು ಕೆಲಸಕ್ಕೆ ಮರಳಿದ. ತಾಯಿ ಮಗಳು ಇಬ್ಬರೂ ಹೊಟ್ಟೆ ಹೊತ್ತುಕೊಂಡು ಬಾಗಿಲ ಮುಂದೆ ಕೂರುತ್ತಿದ್ದರು. ಓಣಿಯಲ್ಲಿ ಹೋಗುವವರ ಕಣ್ಣು ಆ ಎರಡು ಹೊಟ್ಟೆಗಳ ಮೇಲೆ ಬಿದ್ದು ತಟ್ಟನೆ ಬೇರೆ ಕಡೆ ಹೊರಳುತ್ತಿತ್ತು. ಹುಸೇನಬಿಯೇ ಕರೆದು ಹೇಳುವಳು: "ನೋಡ್ಕೊಳ್ರಿ ಚೆಂದಂಗ. ಮಗಳದಕ್ಕಿಂತ ನಂದ ದೊಡ್ಡದೈತಿ. ಮೊದಲು ಯಾರು ಹಡೀತೀವೋ ಗೊತ್ತಿಲ್ಲ."

"ಸುಮ್ನಿರಬೇ, ನಾಚಿಕಿ ಇಲ್ಲ ನಿನಗ" ಎಂದು ರೇಷ್ಮಾ ತಾಯಿಯ ಬಾಯಿ ಮುಚ್ಚುವಳು. ಇಬ್ಬರೂ ನಗುವರು. ನಗುವಾಗ ಇಬ್ಬರಿಗೂ ಹೊಟ್ಟೆ ಹಿಡಿದುಕೊಳ್ಳಬೇಕಾಗುತ್ತಿತ್ತು.

ಡಾಕ್ಟರು ಹುಸೇನಬಿಗೆ ರೋಜಾದ ಉಪವಾಸ ಬೇಡ ಎಂದಿದ್ದರು, ಉಪ್ಪು ಬೇಡ ಎಂದಿದ್ದರು. ಇನ್ನೊಂದು ಮಾತೂ ಹೇಳಿದ್ದರು. "ನೋಡಮ್ಮಾ, ಹೊಟ್ಟ್ಯಾಗ ನೀರು ನಿಂತಾವಲ್ಲ, ಅದಕ್ಕ ಬೇಗ ನಂಜು ಹತ್ತತೈತಿ. ಜ್ವರ ಬಂದ್ರ ಬರ್ರಿ, ಹೊಟ್ಟಿ ನೋವಾದ್ರ ಬರ್ರಿ. ಹಗಲು ನಿದ್ದಿ, ರಾತ್ರಿ ಎಚ್ಚರ ಆಗಾಕತ್ರ, ಮಾತು ತಪ್ಪಾಕತ್ರ, ನಾಳೆ ಅನ್ನಬ್ಯಾಡ್ರಿ."

ನಾವು ಮರೆತಿರಲಿಲ್ಲ. ಆದರೆ ನಮ್ಮ ಓಣಿಯಲ್ಲಿ ರಂಜಾನ್ ಬಂತೆಂದರೆ ಹಗಲು ರಾತ್ರಿಗಳೇ ಅದಲುಬದಲು. ಮಸೀದಿಯ ಮೈಕು ಕೂಗುವ ಮೊದಲೇ ಒಲೆಗಳು ಹೊತ್ತುತ್ತವೆ, ರೋಜಾ ಹಿಡಿಯುವ ಮುಂಚಿನ ಸಹರಿಯ ಊಟ ನಸುಕಿನೊಳಗೆ ಮುಗಿಯಬೇಕು. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಇಳಿಸಿ ಎಲ್ಲರೂ ಅಡ್ಡಾಗುತ್ತಾರೆ. ಹುಸೇನಬಿ ರೋಜಾ ಇರಲಿಲ್ಲ, ಆದರೆ ಏಳುವುದನ್ನು ಬಿಡಲಿಲ್ಲ. "ಡಾಕ್ಟ್ರು ಉಪವಾಸ ಬ್ಯಾಡ ಅಂದಾರ, ರೊಟ್ಟಿ ಬಡಿಬ್ಯಾಡ ಅಂದಿಲ್ಲ" ಎಂದು ನನಗಾಗಿ ಎದ್ದು ಕೂರುವಳು. ಆಮೇಲೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಮಲಗಿದರೆ ಏಳುತ್ತಿರಲಿಲ್ಲ. ನಾನೂ ಮಲಗುತ್ತಿದ್ದೆ, ಪಕ್ಕದ ಮನೆಯವರೂ ಮಲಗುತ್ತಿದ್ದರು. ಇಡೀ ಓಣಿ ಮಲಗಿದಾಗ ಒಬ್ಬಳು ಮಲಗಿದ್ದು ಯಾರ ಕಣ್ಣಿಗೆ ಬೀಳಬೇಕು?

ಒಂದು ದಿನ ಹುಸೇನಬಿ ರೇಷ್ಮಾಳನ್ನು "ಖಾಜಾಬಿ" ಎಂದು ಕರೆದಳು. ಖಾಜಾಬಿ ಅವಳ ತಂಗಿ, ಎಂದೋ ತೀರಿಕೊಂಡವಳು. "ನಾ ಚಿಕ್ಕವ್ವ ಅಲ್ಲಬೇ, ನಿನ್ನ ಮಗಳು" ಎಂದು ರೇಷ್ಮಾ ನಕ್ಕಳು. ಹುಟ್ಟುವ ಕೂಸಿಗೆಂದು ಹುಸೇನಬಿ ಸಣ್ಣ ಗಾದಿಯೊಂದನ್ನು ಹೊಲಿಯುತ್ತಿದ್ದಳು. ಅದರ ಹೊಲಿಗೆ ಹಾವು ಹರಿದ ಹಾಗೆ ಸೊಟ್ಟಪಟ್ಟ. "ಏನಿದು ಹುಸೇನಿ, ಕಾಲುವಿ ತಗದೀಯೇನು?" ಎಂದೆ. ಅವಳು ಆ ಹೊಲಿಗೆಯನ್ನು ಬೆರಳಿನಿಂದ ಮತ್ತೆ ಮತ್ತೆ ತಡವಿ, "ಮೊಮ್ಮಕ್ಕಳಿಗೆ ಸೊಟ್ಟ ಹೊಲಿಗಿನೇ ಚೆಂದ" ಎಂದಳು. ನಾವು ನಕ್ಕೆವು. ದಿನಾಲೂ ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಆ ಉರಿಬಿಸಿಲಿನಲ್ಲೂ ತಣ್ಣಗಿತ್ತು. ಅಲ್ಲಾಹನಿಗೆ ಶುಕ್ರಿಯಾ ಹೇಳಿ ಕೈ ತೆಗೆಯುತ್ತಿದ್ದೆ.

ಕಣ್ಣಿಗೆ ಬಿದ್ದದ್ದು ಗಂಗಮ್ಮನಿಗೆ. ಗೋಡೆಯಾಚೆಯ ಮನೆಯವಳು, ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಡುವಾಕೆ. ಅವಳಿಗೆ ರಂಜಾನ್ ಇಲ್ಲ. ಅವಳ ಹಗಲು ಹಗಲೇ. ರೊಟ್ಟಿ ಕಟ್ಟಲು ಹಳೆಯ ಬಟ್ಟೆ ಕೇಳಿಕೊಂಡು ಮಧ್ಯಾಹ್ನ ಒಳಗೆ ಬಂದಳು.

"ಹುಸೇನಮ್ಮ ಯಾಕ ಮಲಗ್ಯಾಳ ಮೌಲಣ್ಣ, ಇಷ್ಟೊತ್ತಿನ್ಯಾಗ?"

"ರೋಜಾ ದಿನ ಅಲ್ಲೇನು ಗಂಗಮ್ಮ. ಎಲ್ಲಾರೂ ಮಲಗ್ತೀವಿ."

"ರೋಜಾ ನಿನಗ. ಆಕಿಗೇನು? ಹೊಟ್ಟಿ ತುಂಬ ಉಂಡಾಕಿ ಯಾಕ ಮಲಗ್ತಾಳ?"

ಗಂಗಮ್ಮ ಕೂತು ಅವಳ ಭುಜ ಅಲ್ಲಾಡಿಸಿದಳು. "ಹುಸೇನಮ್ಮ, ಏ ಹುಸೇನಮ್ಮ, ಕಣ್ಣ ತಗೀ. ನಾ ಯಾರ ಹೇಳು?"

ಹುಸೇನಬಿ ಕಣ್ಣು ತೆರೆದಳು. ಹಳದಿ ಕಣ್ಣು. ಗಂಗಮ್ಮನನ್ನು ಹುಡುಕುವವಳಂತೆ ನೋಡಿದಳು. "ನೀ... ರೊಟ್ಟಿ" ಎಂದಳು.

ಗಂಗಮ್ಮನೇ ಓಡಿ ಹೋಗಿ ಆಟೊ ತಂದಳು. ರೇಷ್ಮಾಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ನಾವಿಬ್ಬರೂ ಹುಸೇನಬಿಯನ್ನು ಸಿಂಧನೂರಿಗೆ ಒಯ್ದೆವು. ಡಾಕ್ಟರು ಹೊಟ್ಟೆಗೆ ಸೂಜಿ ಹಾಕಿ ನೀರು ಎಳೆದರು. ಹಿಂದೆ ತೆಗೆದಾಗ ಅದು ಕುಸುಬಿ ಎಣ್ಣೆಯಂತೆ ತಿಳಿಯಾಗಿತ್ತು. ಈ ಸಲ ಅಕ್ಕಿ ತೊಳೆದ ನೀರು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ನಂಜು ಹತ್ತೇತಿ. ಕರುಳಾಗಿನ ಕ್ರಿಮಿ ಈ ನೀರಿಗೆ ಇಳದಾವ. ಲಿವರ್ ಚಲೋ ಇದ್ದಿದ್ರ ದಾರ್ಯಾಗ ಹಿಡದು ಕೊಲ್ತಿತ್ತು."

"ಜ್ವರಾನ ಬರಲಿಲ್ಲಲ್ರೀ ಸಾಹೇಬ್ರ" ಎಂದೆ. "ದಿನಾ ಮುಟ್ಟಿ ನೋಡೀನಿ."

"ಜ್ವರ ಬರಾಕೂ ಮೈಯಾಗ ಶಕ್ತಿ ಬೇಕಲ್ಲಪ್ಪಾ" ಎಂದರು. ಬೈದು ಹೇಳಲಿಲ್ಲ, ಮೆತ್ತಗೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಬಾಟಲಿಗಳ ಮೇಲೆ ಬಾಟಲಿ ಏರಿಸಿದರು. ಎರಡು ಮೂರು ದಿನಕ್ಕೆ ಹುಸೇನಬಿ ತಿರುಗಿ ಬಂದಳು. ನಿಜವಾಗಿಯೂ ತಿರುಗಿ ಬಂದಳು! ಬಾಚಣಿಗೆ ಕೇಳಿದಳು. ಗಂಗಮ್ಮನನ್ನು ನೋಡಿ, "ನಾ ನಿನಗ ರೊಟ್ಟಿ ಅಂದೆನಂತಲ್ಲ, ಜೋಳದ್ದೋ ಸಜ್ಜಿದ್ದೋ?" ಎಂದಳು. ಗಂಗಮ್ಮ ಸೆರಗು ಬಾಯಿಗಿಟ್ಟು ಹೊರಗೆ ಹೋಗಿ ಅತ್ತು ಬಂದಳು. ಆ ಸಂಜೆ ನಾನು ರೋಜಾ ಬಿಟ್ಟಾಗ ಖರ್ಜೂರದ ರುಚಿ ಗೊತ್ತಾಯಿತು. ಅದಕ್ಕಿಂತ ಮುಂಚಿನ ದಿನಗಳಲ್ಲಿ ಏನು ತಿಂದೆನೋ ನೆನಪಿಲ್ಲ.

ಮಗಳು ಬಸುರಿ ಎಂದು ತಿಳಿದ ಡಾಕ್ಟರು ಅವಳ ರಕ್ತವನ್ನೂ ನೋಡಬೇಕು ಎಂದರು. ಬಾಷಾ ರೇಷ್ಮಾಳನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ, ಹಟ್ಟಿಯಲ್ಲಿ ತನ್ನ ಹತ್ತಿರವೇ ಇಟ್ಟುಕೊಂಡ. ಅವಳ ರಕ್ತದಲ್ಲೂ ಅದೇ ಕ್ರಿಮಿ. ಅವಳಿಗೆ ಈಗ ತೊಂದರೆ ಇಲ್ಲ, ನೋಡಿಕೊಂಡರೆ ಮುಂದೆಯೂ ಆಗದಿರಬಹುದು. ಆದರೆ ಈ ರೋಗ ಹೆರಿಗೆಯ ಹೊತ್ತಿಗೆ ತಾಯಿಯಿಂದ ಕೂಸಿಗೆ ದಾಟುತ್ತದೆ ಎಂದು ಡಾಕ್ಟರು ವಿವರಿಸಿದರು. ಹುಸೇನಬಿ ಕೇಳುತ್ತಲೇ ಇದ್ದವಳು ಒಂದೇ ಮಾತು ಕೇಳಿದಳು.

"ಅಂದ್ರ ರೇಷ್ಮಾಗ ನನ್ನಿಂದ ಬಂತೇನ್ರೀ?"

ಡಾಕ್ಟರು ಬಾಟಲಿಯ ಹನಿ ಸರಿ ಮಾಡುತ್ತ ನಿಂತರು. "ಆವಾಗ ಯಾರಿಗೂ ಗೊತ್ತಿರಲಿಲ್ಲಮ್ಮಾ. ಈಗ ಸೂಜಿ ಐತಿ. ಹುಟ್ಟಿದ ದಿನಾನ ಕೂಸಿಗೆ ಎರಡು ಸೂಜಿ ಹಾಕಿಸಿದ್ರ ಬಹಳ ಮಟ್ಟಿಗೆ ತಡೀತೈತಿ." ಒಂದು ಸೂಜಿ ಎಲ್ಲ ದವಾಖಾನೆಯಲ್ಲೂ ಸಿಗುತ್ತದೆ. ಇನ್ನೊಂದನ್ನು ರಾಯಚೂರಿನಿಂದ ತರಿಸಬೇಕು, ಐಸಿನಲ್ಲೇ ಇಡಬೇಕು.

ಹುಸೇನಬಿ ಗೋಡೆಯ ಕಡೆ ಹೊರಳಿದಳು. ಅವಳ ಬೆನ್ನು ಅಲುಗುತ್ತಿತ್ತು. ಕೈಹಿಡಿದಂದಿನಿಂದ ಅವಳು ಅತ್ತದ್ದನ್ನು ನಾನು ನೋಡಿದ್ದೇ ಕಡಿಮೆ. ಏನು ಮಾಡಬೇಕೆಂದು ತಿಳಿಯದೆ ಪಾದ ಒತ್ತುತ್ತ ಕೂತೆ. ಬಹಳ ಹೊತ್ತಾದ ಮೇಲೆ ಗೋಡೆಯ ಕಡೆ ಮುಖ ಇಟ್ಟುಕೊಂಡೇ ಅಂದಳು: "ಆ ಸೂಜಿ ತರಸ್ರಿ. ರೇಷ್ಮಾಗ ಮಾತ್ರ ನನ್ನಿಂದ ಬಂತು ಅಂತ ಹೇಳಬ್ಯಾಡ್ರಿ. ಹಡಿಯಾಕ ಹೊಂಟಾಳ, ಮನಸ್ಸಿಗೆ ಹಚ್ಕೋತಾಳ."

ಅಂದಿನಿಂದ ಅವಳಿಗೆ ಅದೊಂದೇ ಧ್ಯಾನ. ನರ್ಸ್ ಬಂದರೆ ಸೂಜಿ, ನಾನು ಕೂತರೆ ಸೂಜಿ. ತನ್ನ ಹೊಟ್ಟೆ ಮತ್ತೆ ಬಿಗಿಯುತ್ತಿರುವುದು, ಮೂತ್ರ ಕಡಿಮೆಯಾಗುತ್ತಿರುವುದು ಅವಳಿಗೆ ಬೇಕಿರಲಿಲ್ಲ. ನಂಜು ಇಳಿದಿದೆ, ಆದರೆ ಅದು ಕಿಡ್ನಿಗೆ ಪೆಟ್ಟು ಕೊಟ್ಟಿದೆ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು.

ರಾಯಚೂರಿನಿಂದ ಔಷಧ ಸಿಂಧನೂರಿಗೆ ಬಂದ ದಿನವೇ ಬಾಷಾ ಫೋನು ಮಾಡಿದ. "ಮಾಮಾ, ನೋವು ಸುರು ಆಗ್ಯಾವ. ಲಿಂಗಸುಗೂರು ದವಾಖಾನ್ಯಾಗ ಅದೀವಿ." ನಾನು ಮಂಚದ ಪಕ್ಕ ನಿಂತೆ. ಇವಳನ್ನು ಬಿಟ್ಟು ಹೇಗೆ ಹೋಗಲಿ?

"ಏನ್ ನನ್ನ ಮಾರಿ ನೋಡ್ತೀರಿ?" ಎಂದಳು. "ನಾ ಎಲ್ಲಿಗೂ ಹೋಗಂಗಿಲ್ಲ, ಇಲ್ಲೇ ಇರ್ತೀನಿ. ಗಂಗಮ್ಮ ಅದಾಳ. ಹೋಗ್ರಿ. ಐಸ್ ಕರಗತೈತಿ, ಹೋಗ್ರಿ ಲಗೂನ."

ಥರ್ಮಾಕೋಲ್ ಡಬ್ಬಿಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ. ಸುಡು ಬಿಸಿಲು, ಬಾಯಿ ಒಣಗಿದ ರೋಜಾ, ಮುಂದೆ ಹುಲ್ಲಿನ ಟ್ರ್ಯಾಕ್ಟರು ದಾರಿ ಬಿಡುತ್ತಿಲ್ಲ. ಪಕ್ಕದಲ್ಲಿ ಕೂತ ಮುದುಕಿ ಡಬ್ಬಿ ಮುಟ್ಟಿ, "ಐಸ್ ಕ್ಯಾಂಡಿ ಮಾರ್ತೀಯೇನಪಾ, ನನಗೊಂದು ಕೊಡು" ಎಂದಳು. ಔಷಧ ಎಂದೆ, ಇನ್ನೂ ಹುಟ್ಟದ ಮೊಮ್ಮಗುವಿಗೆ ಎಂದೆ. "ಹಂಗಿದ್ರ ಬಿಸಲ ಕಡೆ ಯಾಕ ಕುಂತೀ, ಹುಚ್ಚ? ಏಳು, ಈ ಕಡೆ ಬಾ" ಎಂದು ನನ್ನನ್ನು ಎಬ್ಬಿಸಿ ನೆರಳಿನ ಸೀಟಿಗೆ ಕೂರಿಸಿ, ತಾನು ಬಿಸಿಲಿಗೆ ಕೂತಳು. ಮಸ್ಕಿ ಬಂತು, ನಮ್ಮ ಓಣಿಯ ತಿರುವು ಕಂಡಿತು, ಹಿಂದೆ ಹೋಯಿತು. ಹಿಂದೆ ಸಿಂಧನೂರಿನಲ್ಲಿ ಹೆಂಡತಿ, ಮುಂದೆ ಲಿಂಗಸುಗೂರಿನಲ್ಲಿ ಮಗಳು. ಬಸ್ಸು ಓಡಿದಷ್ಟೂ ಒಬ್ಬರಿಗೆ ಹತ್ತಿರವಾಗುತ್ತ ಇನ್ನೊಬ್ಬರಿಂದ ದೂರವಾಗುತ್ತಿದ್ದೆ.

ನಾನು ಮುಟ್ಟುವ ಹೊತ್ತಿಗೆ ಕೂಸು ಹುಟ್ಟಿತ್ತು. ನರ್ಸ್ ಎರಡೂ ತೊಡೆಗೆ ಸ್ಪಿರಿಟ್ ಹತ್ತಿ ಒರೆಸಿ ಎರಡು ಸೂಜಿ ಹಾಕಿದಳು. ಡಬ್ಬಿಯಲ್ಲಿ ಐಸು ಇನ್ನೂ ಉಳಿದಿತ್ತು. ಇಷ್ಟು ಸಂತೋಷ ನನಗೆ ನನ್ನ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ. ಆ ಹತ್ತಿಯ ಉಂಡೆಯನ್ನು ಜೇಬಿನಲ್ಲಿ ಇಟ್ಟುಕೊಂಡು, ಮರುದಿನ ಮೊದಲ ಬಸ್ಸಿಗೆ ಸಿಂಧನೂರಿಗೆ ಮರಳಿದೆ.

ಹುಸೇನಬಿ ಬಾಗಿಲನ್ನೇ ನೋಡುತ್ತಿದ್ದಳು. ಮುಖ ಇನ್ನಷ್ಟು ಹಳದಿಯಾಗಿತ್ತು.

"ಹಾಕಿದ್ರ?"

"ಹಾಕಿದ್ರು. ಎರಡೂ."

"ಅತ್ತಿತಾ?"

"ದವಾಖಾನಿ ಹಂಚು ಹಾರಿಹೋಗುವಂಗ."

ನಕ್ಕಳು. ಫೋನಿನಲ್ಲಿ ಫೋಟೊ ತೋರಿಸಿದೆ. ಬೆರಳಿನಿಂದ ಆ ಮೂಗು ಮುಟ್ಟಿ, "ನಿಮ್ಮ ಮೂಗು. ಪಾಪ ಕೂಸು" ಎಂದಳು. ಆಮೇಲೆ, "ಹತ್ತಿಲ್ಲಲ್ಲ? ಕೂಸಿಗೆ ಹತ್ತಿಲ್ಲಲ್ಲ?" ಎಂದು ಕೇಳಿದಳು.

"ಈಗ ಗೊತ್ತಾಗಂಗಿಲ್ಲಂತ. ಸೂಜಿ ಎಲ್ಲಾ ಮುಗದು, ಕೂಸಿಗೆ ವರ್ಷ ಆದಮ್ಯಾಲೆ ರಕ್ತ ನೋಡ್ತಾರಂತ."

ಅವಳು ಫೋನನ್ನು ನನ್ನ ಕೈಗೆ ಇಟ್ಟಳು. ನನ್ನ ಬೆರಳುಗಳನ್ನು ಅದರ ಮೇಲೆ ಮಡಚಿ ಅಂದಳು: "ಹಂಗಿದ್ರ ನೀವರ ಇರ್ರಿ. ಕೇಳ್ಕೊಳ್ಳಾಕ."

ಅದೇ ನನ್ನೊಂದಿಗೆ ಅವಳು ತಿಳಿದು ಆಡಿದ ಕೊನೆಯ ಮಾತು. ಸಂಜೆಗೆ ಮತ್ತೆ ನಿದ್ದೆ ಬಂತು, ಈ ಸಲದ ನಿದ್ದೆಗೆ ಬಾಟಲಿಗಳು ಸಾಲಲಿಲ್ಲ. ಈದ್ ಹಬ್ಬದ ಚಂದ್ರ ಕಾಣುವ ಮೊದಲೇ ಹೋದಳು. ಮಸ್ಕಿಯಲ್ಲಿ ಮಣ್ಣು ಕೊಟ್ಟೆವು. ಹಸಿ ಬಾಣಂತಿ ರೇಷ್ಮಾಳಿಗೆ ಬರಲಾಗಲಿಲ್ಲ. ತಾಯಿಯ ಮುಖವನ್ನು ಫೋನಿನಲ್ಲಿ ನೋಡಿದಳು. ಹಬ್ಬದ ದಿನ ನಮ್ಮ ಒಲೆ ಹೊತ್ತಲಿಲ್ಲ. ಗಂಗಮ್ಮ 'ಉಣ್ಣಲೋ' ಎಂದು ಬೈದು ಅನ್ನ ಕಲಸಿ ಕೈಗೆ ಕೊಟ್ಟಳು. ಮುಂದೆ ರೇಷ್ಮಾಳ ಬಾಣಂತನ ಮಾಡಿ, ಕೂಸಿಗೆ ಎಣ್ಣೆ ಹಚ್ಚಿ ಎರೆದವಳೂ ಅವಳೇ.

ಇಂದು ಬಸ್ಸಿನಲ್ಲಿ ನಾನು ಅಳುವುದನ್ನು ರೇಷ್ಮಾ ನೋಡಿದಳು. ಕಿಟಕಿಯಿಂದ ತಲೆ ತೆಗೆದು ಕೇಳಿದಳು.

"ಅಪ್ಪಾ, ನನಗ ತನ್ನಿಂದ ಬಂತು ಅಂತ ಅವ್ವಗ ಗೊತ್ತಿತ್ತಾ?"

ನಾನು ಸುಳ್ಳು ಹೇಳುವವನಿದ್ದೆ. ಆದರೆ ಇಂಥ ದಿನ ಬಾಯಿಗೆ ಸುಳ್ಳು ಬರಲಿಲ್ಲ. "ಗೊತ್ತಿತ್ತವ್ವಾ. ನಿನಗ ಹೇಳಬ್ಯಾಡ ಅಂದಿದ್ಲು. ಮನಸ್ಸಿಗೆ ಹಚ್ಕೋತಾಳ ಅಂತ."

ರೇಷ್ಮಾ ನನ್ನನ್ನೇ ನೋಡಿದಳು. "ನನಗ ಆವಾಗ್ಲೇ ಗೊತ್ತಿತ್ತಪ್ಪಾ. ರಕ್ತ ನೋಡಿದ ದಿನಾನ ಲಿಂಗಸುಗೂರು ನರ್ಸ್ ಹೇಳಿದ್ಲು. ಅವ್ವಗ ಗೊತ್ತಾದ್ರ ಕೊರಗ್ತಾಳ ಅಂತ ನಾನೂ ಬಾಯಿ ಬಿಡಲಿಲ್ಲ. ದಿನಾ ಫೋನಿನ್ಯಾಗ ಮಾತಾಡ್ತಿದ್ವಿ. ಬರೇ ಉಂಡಿಯೇನು, ಮಲಗಿದ್ಯೇನು." ಅವಳು ನನ್ನ ತೋಳು ಹಿಡಿದಳು. "ಆಕಿಗೆ ಗೊತ್ತೈತಿ ಅಂತ ನೀನರ ಹೇಳಿದ್ರ, ನನಗ ನಿನ್ನ ಮ್ಯಾಲ ಸಿಟ್ಟಿಲ್ಲಬೇ ಅಂತ ಒಂದ್ ಮಾತು ಅಂತಿದ್ನಲ್ಲಪ್ಪಾ."

ಅವಳ ತಲೆ ನನ್ನ ಭುಜಕ್ಕೆ ಬಂತು. ಕೂಸು ಇಬ್ಬರ ನಡುವೆ ಜಿಲೇಬಿಯ ಅಂಟು ಬೆರಳು ಚೀಪುತ್ತ ಕೂತಿತು. ಕಂಡಕ್ಟರ್ ಮಸ್ಕಿ ಮಸ್ಕಿ ಎಂದು ಕೂಗಿದ್ದು ಕಿವಿಗೆ ಬಿದ್ದಿರಬೇಕು, ಆದರೆ ನಾವು ಏಳಲಿಲ್ಲ. ಊರು ದಾಟಿದ ಮೇಲೆ ಅವನೇ ಹತ್ತಿರ ಬಂದ.

"ಮಾಮಾ, ನಿಮ್ಮೂರು ಹಿಂದ ಹೋತಲ್ರೀ!"

ರೇಷ್ಮಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗ್ಲಿ ಬಿಡ್ರಣ್ಣಾ. ಲಿಂಗಸುಗೂರಿಗೆ ಟಿಕೀಟು ಕೊಡ್ರಿ" ಎಂದಳು. ನನ್ನ ಕಡೆ ತಿರುಗಿ, "ಅಲ್ಲಿಂದ ಹಟ್ಟಿಗೆ ಹೋಗೋಣಪ್ಪಾ. ನೂರಿ ಅಪ್ಪಗ ಫೋನಿನ್ಯಾಗ ಬ್ಯಾಡ. ಮಾರಿ ನೋಡಿ ಹೇಳೋಣು. ನಮ್ಮ ಮನ್ಯಾಗ ಇನ್ನ ಯಾವ ಮಾತನ್ನೂ ಹೊಟ್ಟ್ಯಾಗ ಇಟ್ಕೊಳ್ಳೂದು ಬ್ಯಾಡ" ಎಂದಳು.